ಡಬ್ಬದ ಮೇಲೆ ಬರೆಯದೇ ಇದ್ದದ್ದು

ಫೆಬ್ರುವರಿ ೩, ಮಂಗಳವಾರ

ಅಕ್ಕನ ಕೆಲಸದ ಮೇಜಿಗೆ ಹೊಸ ದೀಪ ಬಂತು. ಹಳೆಯದು ಒಂದು ತಿಂಗಳಿಂದ ಕಣ್ಣು ಮಿಟುಕಿಸುತ್ತಿತ್ತು. ಹೊಸದರ ಡಬ್ಬ ದೀಪಕ್ಕಿಂತ ಚೆನ್ನಾಗಿದೆ. ಅದರ ಮೇಲೆ ಒಬ್ಬ ಹೆಂಗಸು ಕಿಟಕಿಯ ಪಕ್ಕ ಕೂತು ನಗುತ್ತಿದ್ದಾಳೆ, ಕಿಟಕಿಯಾಚೆ ಬೆಟ್ಟವಿದೆ, ದೀಪ ಎಲ್ಲಿದೆ ಎಂದು ಹುಡುಕಬೇಕು. ‘ಸೂರ್ಯನೇ ಮನೆಗೆ ಬಂದಂತೆ’ ಎಂದು ದೊಡ್ಡ ಅಕ್ಷರ. ಕೆಳಗೆ ‘ಕಣ್ಣಿಗೆ ತಂಪು, ಮನಸ್ಸಿಗೆ ಇಂಪು’. ಪ್ರಾಸ ಸವೆದದ್ದು, ಆದರೆ ಸೂರ್ಯನ ಸಾಲು ಹಿಡಿಸಿತು. ಆ ಸಾಲಿಗೋಸ್ಕರವೇ ಈ ದೀಪ ತಂದೆ ಎಂಬುದನ್ನು ಅಕ್ಕನಿಗೆ ಹೇಳಿಲ್ಲ.

ಇವತ್ತು ಗ್ರಂಥಾಲಯದಲ್ಲಿ ಹದಿನಾಲ್ಕು ಪುಸ್ತಕಗಳಿಗೆ ವಿವರದ ಕಾರ್ಡು ಬರೆದೆ. ಪುಟ ಎಷ್ಟು, ಎತ್ತರ ಎಷ್ಟು ಸೆಂಟಿಮೀಟರು, ಚಿತ್ರಗಳಿವೆಯೇ. ಇಪ್ಪತ್ತೆರಡು ವರ್ಷದಿಂದ ಕವನ ಸಂಕಲನಗಳನ್ನೂ ಹೀಗೇ ಅಳೆಯುತ್ತಿದ್ದೇನೆ. ಎಂ.ಎ.ಯಲ್ಲಿ ಓದಿದ್ದು ಕಾವ್ಯ, ಕೈಯಲ್ಲಿ ಉಳಿದದ್ದು ಸ್ಕೇಲು. ಮನೆಗೆ ಬಂದ ಮೇಲೆ ಅಳತೆ ಬೇಡವೆನಿಸುತ್ತದೆ. ಇಲ್ಲಿ ‘ಸೂರ್ಯ ಬಂದಂತೆ’ ಎಂದರೆ ಸಾಕು.

ದೀಪ ಹಾಕಿದ್ದೇ ತಡ, ಅಕ್ಕ ವಕೀಲರ ಕಪ್ಪು ಕೋಟು ಎಳೆದುಕೊಂಡಳು. ಮೊಣಕೈ ಹತ್ತಿರ ಮೊಳೆ ತಾಗಿ ಹರಿದಿದೆ. ಹರಿದ ಜಾಗದಲ್ಲಿ ಆ ಬಟ್ಟೆಯದೇ ನೇಯ್ಗೆಯ ಹಾಗೆ ಒಂದೊಂದೇ ಎಳೆ ಹಾಯಿಸಿ, ಹರಿದೇ ಇರಲಿಲ್ಲ ಎನ್ನುವಂತೆ ಮಾಡುವುದು ರಫು. ಮೂವತ್ತೊಂದು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಅಕ್ಕ ಅದನ್ನೇ ಮಾಡುತ್ತಿದ್ದಾಳೆ. ಬಾಗಿಲ ಮೇಲೆ ಬೋರ್ಡು: ‘ಕಣ್ಣಿಗೆ ಕಾಣದ ರಫು’. ಅದು ನಾನು ಬರೆದುಕೊಟ್ಟ ಸಾಲು. ಆಗ ನನಗೆ ಹದಿನೇಳು.

ಕಣ್ಣಿನ ಡಾಕ್ಟರ ಬಳಿ ಹೋಗಿಬಂದು ಇವತ್ತಿಗೆ ಹದಿನಾಲ್ಕು ದಿನ. ಅಕ್ಕ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದಳು, ಒಳಗೆ ನಾನೊಬ್ಬಳೇ ಇದ್ದೆ. “ಅವರಿಗೆ ನಾನು ಹೇಳ್ಲಾ, ನೀವು ಹೇಳ್ತೀರಾ?” ಎಂದರು ಡಾಕ್ಟರು. “ನಾನೇ ಹೇಳ್ತೀನಿ” ಎಂದೆ. ಹೊರಗೆ ಬಂದು, “ವಯಸ್ಸಿಗೆ ತಕ್ಕ ಹಾಗೆ ಚೆನ್ನಾಗೇ ಇದೆಯಂತೆ” ಎಂದೆ. ಅವರು ಕೊಟ್ಟ ಕಾಗದ ನನ್ನ ಕಪಾಟಿನಲ್ಲಿ ಒಂದು ಕವನ ಸಂಕಲನದೊಳಗಿದೆ. ಹೇಳುವುದಕ್ಕೆ ಒಳ್ಳೆಯ ದಿನ ನೋಡುತ್ತಿದ್ದೇನೆ.

ಫೆಬ್ರುವರಿ ೧೯, ಗುರುವಾರ

ವಕೀಲರು ಕೋಟನ್ನು ತೊಟ್ಟುಕೊಂಡೇ ಬಂದರು. ಬಾಗಿಲಲ್ಲಿ ಬಿಸಿಲಿತ್ತು. ತೋಳು ಎತ್ತಿ ತೋರಿಸಿದರು.

“ಅಮ್ಮಾ, ಕೋರ್ಟಲ್ಲಿ ಕಿಟಕಿ ಪಕ್ಕ ನಿಂತಿದ್ದೆ. ಎದುರು ಪಾರ್ಟಿ ವಕೀಲ ಏನಂದ ಗೊತ್ತಾ? ‘ಸಾರ್, ಮೊಣಕೈಗೆ ಏಟು ಬಿತ್ತಾ, ನೀಲಿಗಟ್ಟಿದೆ’ ಅಂದ. ಇಡೀ ಕೋರ್ಟು ನಗ್ತು.”

ಕಪ್ಪು ಕೋಟಿನ ಮೇಲೆ ಹೆಬ್ಬೆರಳಿನಷ್ಟು ಕಡುನೀಲಿ. ಎಳೆ ಎಳೆಯೂ ಸರಿಯಾಗಿ ಕೂತಿದೆ, ಒಂದೂ ಬಿಗಿಯಿಲ್ಲ, ಸಡಿಲವಿಲ್ಲ, ನೇಯ್ಗೆಯಲ್ಲಿ ಕೊರತೆಯಿಲ್ಲ. ಬಣ್ಣ ಮಾತ್ರ ಬೇರೆ. ಕೋಟು ಹಳೆಯದು, ಒಳ ಹೊಲಿಗೆಯಲ್ಲಿ ಎಳೆದುಕೊಳ್ಳಲು ಎಳೆ ಸಿಗಲಿಲ್ಲ, ಡಬ್ಬಿಯ ದಾರವನ್ನೇ ಹಾಕಿದ್ದಳು.

ವಕೀಲರು ಬೋರ್ಡಿನತ್ತ ಕೈ ತೋರಿಸಿ, “ಕಣ್ಣಿಗೆ ಕಾಣದ ರಫು ಅಂತ ಬರ್ದಿದೀರಿ. ಯಾರ ಕಣ್ಣಿಗೆ ಅಂತ ಬರೀಬೇಕಿತ್ತು” ಎಂದರು.

ಅಕ್ಕ ಕೋಟು ಬಿಚ್ಚಿಸಿಕೊಂಡು ಮಡಿಸಿಟ್ಟಳು.

ಫೆಬ್ರುವರಿ ೨೦, ಶುಕ್ರವಾರ

ಅಕ್ಕ ದಾರದ ಡಬ್ಬಿ ತೆರೆಯಲಿಲ್ಲ. ಬಂದ ಇಬ್ಬರನ್ನು ವಾಪಸ್ ಕಳಿಸಿದಳು. “ಇನ್ನು ಸಾಕು ಕಣೇ. ಕರಿ ಯಾವುದು, ನೀಲಿ ಯಾವುದು ಗೊತ್ತಾಗದವಳು ಸೂಜಿ ಹಿಡೀಬಾರದು” ಎಂದು ಸೊಪ್ಪು ಸೋಸುತ್ತಾ ಕೂತಳು. ಸೊಪ್ಪಿನಲ್ಲಿ ಒಂದು ಹುಳವನ್ನೂ ಬಿಡಲಿಲ್ಲ.

ಫೆಬ್ರುವರಿ ೨೨, ಭಾನುವಾರ

ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋದಾಗ ಕಪ್ಪು ದಾರ, ಕಡುನೀಲಿ ದಾರ ಎರಡನ್ನೂ ಸೂರ್ಯನ ದೀಪದ ಕೆಳಗಿಟ್ಟು ನೋಡಿದೆ. ಎರಡೂ ಕಪ್ಪು. ಅದಲು ಬದಲು ಮಾಡಿದೆ. ಎರಡೂ ಕಪ್ಪು. ಕಿಟಕಿಗೆ ಹಿಡಿದೆ. ಒಂದು ಕಪ್ಪು, ಒಂದು ನೀಲಿ. ನನ್ನ ಕಣ್ಣಿಗೆ ಏನೂ ಆಗಿಲ್ಲ.

ಅಕ್ಕ ತಲೆ ಒರೆಸಿಕೊಳ್ಳುತ್ತಾ ಬಂದಳು. ಕೂರಿಸಿ ತೋರಿಸಿದೆ. ಕಿಟಕಿಗೂ ಮೇಜಿಗೂ ಐದು ಸಲ ಓಡಾಡಿದಳು. ಮುಖ ಅರಳಿತು.

“ಹಾಗಾದ್ರೆ ನನ್ನ ಕಣ್ಣಲ್ಲ!”

“ದೀಪ ಅಕ್ಕಾ.”

“ಡಾಕ್ಟ್ರು ಚೆನ್ನಾಗೇ ಇದೆ ಅಂದಿದ್ರಲ್ವಾ?”

“ಹೂಂ.”

“ಮತ್ತೆ ನೋಡು! ಈ ದೀಪಕ್ಕೆ ಮೂರು ಕಾಸಿನ ಯೋಗ್ಯತೆ ಇಲ್ಲ. ಅದರ ಮುಂದೆ ಕೂತು ನನ್ನ ಕಣ್ಣನ್ನ ಬೈಕೊಂಡೆ.”

ದೀಪದ ಬಗ್ಗೆ ನಾನು ಹೇಳಿದ್ದರಲ್ಲಿ ಸುಳ್ಳಿಲ್ಲ.

ಫೆಬ್ರುವರಿ ೨೪, ಮಂಗಳವಾರ

ಗ್ರಂಥಾಲಯದಲ್ಲಿ ‘ಬೆಳಕಿನ ಕೈಪಿಡಿ’ ಸಿಕ್ಕಿತು. ೪೧೨ ಪುಟ, ೨೪ ಸೆಂ.ಮೀ., ಹನ್ನೊಂದು ವರ್ಷದಿಂದ ಯಾರೂ ಎರವಲು ಪಡೆದಿಲ್ಲ. ಪ್ರತಿ ದೀಪಕ್ಕೂ ಬಣ್ಣದ ಅಂಕ ಎಂದು ಒಂದಿರುತ್ತದಂತೆ. ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಎಂಬುದರ ಅಳತೆ. ಬಿಸಿಲಿಗೆ ನೂರು. ಬಣ್ಣ ಹೊಂದಿಸುವ ಕೆಲಸಕ್ಕೆ ತೊಂಬತ್ತಾದರೂ ಬೇಕು. ನಮ್ಮ ಡಬ್ಬವನ್ನು ಆರು ಮಗ್ಗುಲೂ ಓದಿದೆ. ‘೩ ಪಟ್ಟು ಹೆಚ್ಚು ಬೆಳಕು’ ಎಂದಿದೆ. ಯಾವುದಕ್ಕಿಂತ ಎಂದಿಲ್ಲ. ‘ಪರಿಣತರು ಮೆಚ್ಚಿದ್ದು’ ಎಂದಿದೆ. ಯಾವುದರಲ್ಲಿ ಪರಿಣತರು ಎಂದಿಲ್ಲ. ತಳದಲ್ಲಿ, ಅಕ್ಕಿಕಾಳಿಗಿಂತ ಸಣ್ಣ ಅಕ್ಷರದಲ್ಲಿ, ‘ಚಿತ್ರದಲ್ಲಿರುವುದಕ್ಕೂ ಒಳಗಿರುವುದಕ್ಕೂ ವ್ಯತ್ಯಾಸವಿರಬಹುದು’. ಇಡೀ ಡಬ್ಬದಲ್ಲಿ ನಿಜವೆಂದು ನಾನು ನಂಬುವ ವಾಕ್ಯ ಅದೊಂದೇ. ಅಂಕ ಎಲ್ಲೂ ಇಲ್ಲ.

ಸಂಜೆ ದೀಪದ ಅಂಗಡಿಗೆ ಹೋದೆ. ಅಂಗಡಿಯವನು ಡಬ್ಬ ತಿರುಗಿಸಿ ನೋಡಿ, “ಅಂಕ ಯಾಕೆ ಮೇಡಂ, ದೀಪ ಏನು ಪರೀಕ್ಷೆ ಬರ್ದಿದ್ಯಾ?” ಎಂದ.

“ಬರೆದಿದ್ರೆ ಫೇಲಾಗ್ತಿತ್ತು. ಬೇರೆ ಯಾವುದಾದ್ರೂ ದೀಪದ ಮೇಲೆ ಅಂಕ ಇದ್ರೆ ಕೊಡಿ.”

ಮೇಜಿನ ಮೇಲೆ ಹನ್ನೊಂದು ಡಬ್ಬ ಸಾಲಾಗಿ ಇಟ್ಟ. ಎಲ್ಲದರ ಮೇಲೂ ನಗುವ ಹೆಂಗಸರು. ನಾಲ್ಕರಲ್ಲಿ ಸೂರ್ಯ, ಮೂರರಲ್ಲಿ ಹುಣ್ಣಿಮೆ, ಒಂದರಲ್ಲಿ ನವಿಲು.

“ನವಿಲು ಯಾಕೆ?”

“ಬಣ್ಣ ಚೆನ್ನಾಗಿ ತೋರಿಸುತ್ತೆ ಅಂತ ಇರ್ಬೇಕು ಮೇಡಂ.”

“ಎಷ್ಟು ಚೆನ್ನಾಗಿ?”

“ನವಿಲಿನಷ್ಟು.”

ಅವನು ತಮಾಷೆ ಮಾಡುತ್ತಿರಲಿಲ್ಲ.

ಮಾರ್ಚ್ ೩, ಮಂಗಳವಾರ

ಡಬ್ಬದ ಮೇಲಿದ್ದ ನಂಬರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಫೋನ್ ಮಾಡಿದೆ. ನನ್ನ ಕರೆ ಅವರಿಗೆ ಅಮೂಲ್ಯ ಎಂದು ಇಪ್ಪತ್ತಾರು ಸಲ ಹೇಳಿ, ಗುಣಮಟ್ಟಕ್ಕಾಗಿ ಮಾತುಕತೆಯನ್ನು ದಾಖಲಿಸಲಾಗುತ್ತಿದೆ ಎಂದು ಒಂದು ಸಲ ಹೇಳಿ, ಕೊನೆಗೆ ಒಬ್ಬ ಹುಡುಗಿ ಬಂದಳು.

“ನಮ್ಮ ದೀಪ ಪ್ರೀಮಿಯಂ ಬೆಳಕು ಕೊಡುತ್ತೆ ಮೇಡಂ.”

“ಪ್ರೀಮಿಯಂ ಅಂದ್ರೆ ಎಷ್ಟಮ್ಮಾ?”

“ತುಂಬಾ ಮೇಡಂ.”

“ಬಣ್ಣದ ಅಂಕ ಅಂತ ಒಂದಿರುತ್ತೆ. ಎರಡೇ ಎರಡು ಅಂಕಿ. ಅದನ್ನ ಹೇಳಿಬಿಡಿ, ಫೋನ್ ಇಡ್ತೀನಿ.”

ಕಾಗದ ಮಗುಚುವ ಸದ್ದಾಯಿತು. ಆಮೇಲೆ ದನಿ ತಗ್ಗಿಸಿ, “ನಮಗೆ ಕೊಟ್ಟಿರೋ ಹಾಳೇಲೂ ಸೂರ್ಯ ಅಂತಲೇ ಇದೆ ಮೇಡಂ” ಎಂದಳು. “ಯಾಕೆ ಮೇಡಂ, ಅಷ್ಟು ಅರ್ಜೆಂಟಾ?”

ಅಕ್ಕನ ಕೆಲಸದ ಬಗ್ಗೆ ಹೇಳಿದೆ. ಕೋಟಿನ ಬಗ್ಗೆ ಹೇಳಿದೆ. ಆಮೇಲೆ, ಅವಳೇನೂ ಕೇಳದಿದ್ದರೂ, ಅಕ್ಕನ ಬಲಗಣ್ಣಿನ ನಡುಭಾಗ ಸವೆಯುತ್ತಿದೆ, ಸೂಕ್ಷ್ಮ ಕೆಲಸಕ್ಕೆ ಹೆಚ್ಚೆಂದರೆ ಎರಡು ವರ್ಷ ಎಂದಿದ್ದಾರೆ, ಅದಕ್ಕೇ ಇರುವಷ್ಟು ದಿನ ಒಳ್ಳೆಯ ಬೆಳಕು ಬೇಕು ಎಂದೆ.

“ಅವರಿಗೆ ಗೊತ್ತಾ ಮೇಡಂ?” ಎಂದಳು.

“ಇನ್ನೂ ಇಲ್ಲ.”

“ಬೇರೇನಾದ್ರೂ ಸಹಾಯ ಬೇಕಾ ಮೇಡಂ?”

“ಬೇಡಮ್ಮಾ.”

ಈ ವಿಷಯ ನಾನು ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಗುಣಮಟ್ಟಕ್ಕಾಗಿ ದಾಖಲಾಗಿದೆ.

ಮಾರ್ಚ್ ೯, ಸೋಮವಾರ

ಅಂಕ ಕೇಳಿ ಕಂಪನಿಗೆ ಬರೆದಿದ್ದ ಪತ್ರಕ್ಕೆ ಉತ್ತರ ಬಂತು. ‘ನಮ್ಮ ದೀಪವನ್ನು ಮೆಚ್ಚಿದ್ದಕ್ಕೆ ಧನ್ಯವಾದಗಳು.’ ಜೊತೆಗೆ ನವಿಲಿನ ದೀಪದ ಜಾಹೀರಾತು.

ಮಾರ್ಚ್ ೧೮, ಬುಧವಾರ

ನಮ್ಮ ಗ್ರಂಥಾಲಯದಲ್ಲಿ ಪುಸ್ತಕ ಬೈಂಡಿಂಗ್ ಮಾಡುವ ಮೇಷ್ಟ್ರ ಹತ್ತಿರ ದೀಪದ ಗೋಳು ತೋಡಿಕೊಂಡೆ. ಅಂಟು ಹಚ್ಚುವುದನ್ನು ನಿಲ್ಲಿಸದೆ, “ಪ್ರೆಸ್‌ನವರು ಬಣ್ಣ ತಾಳೆ ನೋಡೋಕೆ ಒಂದು ದೀಪ ಇಟ್ಕೊಂಡಿರ್ತಾರಮ್ಮ. ಅಂದಚಂದ ಏನಿಲ್ಲ, ಬೋಳು ಬೋಳು. ತರಿಸಿಕೊಡ್ತೀನಿ” ಎಂದರು. ಮೂರು ವಾರ ನಾನು ಸುತ್ತಿದ್ದೇನೆ. ಅವರು ನನ್ನ ಮೇಜಿನಿಂದ ಮೂವತ್ತು ಅಡಿ ದೂರದಲ್ಲಿ ಕೂತಿದ್ದರು.

ಅಕ್ಕ ಅಲ್ಲಿಯವರೆಗೆ ಕಿಟಕಿಯ ಪಕ್ಕ ಕೂತು ಬೆಳಿಗ್ಗೆ ಹೊತ್ತು ಮಾತ್ರ ಕೆಲಸ ಮಾಡುತ್ತಿದ್ದಾಳೆ. ಸೂಜಿಗೆ ದಾರ ಪೋಣಿಸುವಾಗ ತಲೆ ಸ್ವಲ್ಪ ಬಲಕ್ಕೆ ತಿರುಗಿಸುತ್ತಾಳೆ, ಎಡಗಣ್ಣು ಮುಂದೆ ಬರುವ ಹಾಗೆ. ಮೊದಲಿನಿಂದಲೂ ಹೀಗೆಯೇ ಮಾಡುತ್ತಿದ್ದಳೇ? ನೆನಪಿಲ್ಲ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ಗಮನವಿಟ್ಟು ನೋಡಿಲ್ಲ.

ಮಾರ್ಚ್ ೨೭, ಶುಕ್ರವಾರ

ದೀಪ ಬಂತು. ಕಂದು ರಟ್ಟಿನ ಡಬ್ಬ, ಚಿತ್ರವಿಲ್ಲ. ಒಂದು ಚೀಟಿ ಅಂಟಿಸಿದ್ದಾರೆ:

ಬಣ್ಣದ ಅಂಕ ೯೭. ಬೆಳಕು ೯೦೦ ಲ್ಯೂಮೆನ್. ೧೨ ವ್ಯಾಟ್. ತೂಕ ೧.೪ ಕಿಲೋ. ಸಣ್ಣಗೆ ಗುಂಯ್ ಎಂಬ ಸದ್ದು ಬರುತ್ತದೆ, ದೋಷವಲ್ಲ.

ಮೂರು ಸಲ ಓದಿದೆ. ಒಂದು ವಿಶೇಷಣವಿದ್ದರೆ ಅದು ‘ಸಣ್ಣಗೆ’ ಎಂಬುದು, ಅದೂ ತನ್ನ ಕೊರತೆಯನ್ನು ಹೇಳುವುದಕ್ಕೆ. ದೀಪ ಹಾಕಿದೆವು. ಗುಂಯ್ ಎಂದಿತು. ಮೇಜಿನ ಮೇಲಿದ್ದ ಕಪ್ಪು ದಾರ ಕಪ್ಪಾಯಿತು, ನೀಲಿ ನೀಲಿಯಾಯಿತು. ಅಕ್ಕ ತನ್ನ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡು, “ಅಯ್ಯೋ, ಇಷ್ಟು ಮುದುಕಿ ಆಗ್ಬಿಟ್ನೇನೇ! ಆ ಹಳೇ ದೀಪವೇ ಎಷ್ಟೋ ವಾಸಿ” ಎಂದಳು.

ಏಪ್ರಿಲ್ ೧, ಬುಧವಾರ

ವಕೀಲರ ಕೋಟಿನ ನೀಲಿ ಎಳೆಗಳನ್ನು ಬಿಚ್ಚಿ ಮತ್ತೆ ರಫು ಮಾಡಿಕೊಟ್ಟಳು. ಅವರು ಬಿಸಿಲಿಗೆ ಹೋಗಿ ಹುಡುಕಿ, “ಎಲ್ಲಿತ್ತು ತೂತು?” ಎಂದರು. “ಇನ್ನೊಂದು ತೋಳಲ್ಲಿ” ಎಂದಳು ಅಕ್ಕ. ಅವರು ಆ ತೋಳನ್ನೂ ಹುಡುಕಿದರು.

ದೀಪ ಬಂದಾಗಿನಿಂದ ಅಕ್ಕನಿಗೆ ಓದುವ ಹುಚ್ಚು ಹಿಡಿದಿದೆ. ಸಣ್ಣಕ್ಷರ ಸರಾಗವಾಗಿ ಕಾಣುತ್ತದಂತೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ನನ್ನ ಕಪಾಟಿನಿಂದ ಒಂದೊಂದೇ ಪುಸ್ತಕ ತೆಗೆಯುತ್ತಾಳೆ, ಮೇಲಿನ ಸಾಲಿನ ಎಡತುದಿಯಿಂದ, ಬಟ್ಟೆ ನೇಯುವವರ ಹಾಗೆ ಕ್ರಮವಾಗಿ. ಕವನ ಓದಿ, “ಇವನಿಗೆ ಹೇಳೋದನ್ನ ಹೇಳೋಕೆ ಏನು ಕಷ್ಟ?” ಎನ್ನುತ್ತಾಳೆ. ಇವತ್ತು ಎರಡನೆಯ ಸಾಲಿಗೆ ಬಂದಿದ್ದಾಳೆ. ಕಾಗದವಿರುವ ಪುಸ್ತಕ ಎರಡನೆಯ ಸಾಲಿನಲ್ಲಿ ಏಳನೆಯದು.

ಏಪ್ರಿಲ್ ೩, ಶುಕ್ರವಾರ

ಐದನೆಯ ಪುಸ್ತಕ. ಆ ಕಾಗದವನ್ನು ಬೇರೆ ಕಡೆ ಇಡಬಹುದು. ಬೆಳಿಗ್ಗೆ ಕಪಾಟಿನ ಮುಂದೆ ನಿಂತೂ ಇದ್ದೆ. ಗ್ರಂಥಾಲಯಕ್ಕೆ ಹೊತ್ತಾಯಿತೆಂದು ಹೊರಟೆ. ಹೊತ್ತಾಗಿರಲಿಲ್ಲ.

ಏಪ್ರಿಲ್ ೪, ಶನಿವಾರ

ಮನೆಗೆ ಬಂದಾಗ ಕಾಗದ ಅಕ್ಕನ ಮೇಜಿನ ಮುಂದಿನ ಗೋಡೆಯ ಮೇಲಿತ್ತು, ಎರಡು ಸೂಜಿಗಳಿಂದ ಚುಚ್ಚಿ ನಿಲ್ಲಿಸಿದ್ದಳು. ಹತ್ತು ಸೆಂಟಿಮೀಟರಿನ ಚೌಕ, ನಾನೂರು ಮನೆ, ನಡುವೆ ಒಂದು ಕಪ್ಪು ಚುಕ್ಕೆ. ಹಿಂದುಗಡೆ ಅಚ್ಚಾದದ್ದನ್ನು ನಾನು ಬಾಯಿಪಾಠ ಹೇಳಬಲ್ಲೆ: ‘ದಿನಕ್ಕೊಮ್ಮೆ ಒಂದೊಂದೇ ಕಣ್ಣಿನಿಂದ ಚುಕ್ಕೆಯನ್ನು ನೋಡಿ. ಗೆರೆಗಳು ಬಾಗಿದಂತೆ ಕಂಡರೆ ತಡಮಾಡದೆ ಬನ್ನಿ.’ ಅದರ ಕೆಳಗೆ ಡಾಕ್ಟರ ಕೈಬರಹದಲ್ಲಿ ಅಕ್ಕನ ಹೆಸರು, ತಾರೀಕು.

“ಇದು ಯಾವಾಗ ಕೊಟ್ಟಿದ್ದು ಅಂತ ಬರ್ದಿದೆ” ಎಂದಳು ಅಕ್ಕ. “ಎಷ್ಟು ದಿನ ಆಯ್ತು?”

“ಎಪ್ಪತ್ನಾಲ್ಕು.”

“ಎಣಿಸ್ತಾ ಇದ್ಯಾ?”

“ಹೂಂ.”

“ವಯಸ್ಸಿಗೆ ತಕ್ಕ ಹಾಗೆ ಅಂದ್ಯಲ್ಲ. ಯಾವ ವಯಸ್ಸಿಗೆ?”

ಅಕ್ಕ ಎದುರಿನ ಸ್ಟೂಲು ತೋರಿಸಿದಳು, ಗಿರಾಕಿಗಳು ಕೂರುವುದು. ಕೂತೆ.

“ಅವರು ಏನಂದ್ರೋ ಹಾಗೇ ಹೇಳು. ಬಣ್ಣ ಹಚ್ಬೇಡ.”

ಹೇಳಿದೆ. ಬಲಗಣ್ಣಿನ ನಡುಭಾಗ ಸವೆಯುತ್ತಿದೆ. ಎಡಗಣ್ಣಿನಲ್ಲೂ ಶುರುವಾಗಬಹುದು. ಸೂಕ್ಷ್ಮ ಕೆಲಸ ಹೆಚ್ಚೆಂದರೆ ಎರಡು ವರ್ಷ. ಪೂರ್ತಿ ಕತ್ತಲಾಗುವುದಿಲ್ಲ, ಓಡಾಡಬಹುದು, ಆದರೆ ನೇರವಾಗಿ ನೋಡಿದ ವಸ್ತು ಕಾಣದೆ ಹೋಗಬಹುದು. ಹೇಳಿ ಮುಗಿಸುವುದಕ್ಕೆ ಒಂದು ನಿಮಿಷ ಸಾಕಾಯಿತು. ದೀಪ ಗುಂಯ್ ಎನ್ನುತ್ತಿತ್ತು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಏನಾದರೂ ಉತ್ತರ ಕೊಡುತ್ತಿದ್ದೆ. ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಗೋಡೆಯ ಕಡೆ ನೋಡಿದಳು, ಗಿರಾಕಿ ತಂದ ಬಟ್ಟೆಯನ್ನು ನೋಡುವ ಹಾಗೆ.

“ಚುಕ್ಕೆಯಿಂದ ಎಡಕ್ಕೆ ಎರಡನೇ ಗೆರೆ. ಅಲ್ಲಿ ನೇಯ್ಗೆ ಎಳೆದಿದೆ. ಮಧ್ಯಾಹ್ನ ನೋಡ್ದಾಗ ಪ್ರಿಂಟೇ ಸೊಟ್ಟ ಅಂದ್ಕೊಂಡೆ.” ಕೈ ಬದಲಾಯಿಸಿದಳು. “ಈ ಕಣ್ಣಲ್ಲಿ ನೇರವಾಗಿದೆ.”

ಗೆರೆಗಳೆಲ್ಲ ನೇರವಾಗಿಯೇ ಇವೆ. ನಾನು ಸ್ಕೇಲಿಟ್ಟು ನೋಡಿದೆ.

ಏಪ್ರಿಲ್ ೬, ಸೋಮವಾರ

ಡಾಕ್ಟರು ಬಲಗಣ್ಣನ್ನು ಬಹಳ ಹೊತ್ತು ನೋಡಿದರು. ಈ ಸಲ ಇಬ್ಬರೂ ಒಳಗಿದ್ದೆವು.

“ಒಳಗಡೆ ನೀರು ಸೋರಿದೆ. ಗೆರೆ ಬಾಗಿ ಎಷ್ಟು ದಿನ ಆಯ್ತು?”

“ಶನಿವಾರ ನೋಡಿದೆ” ಎಂದಳು ಅಕ್ಕ.

“ಅದಕ್ಕೆ ಮುಂಚೆ?”

“ನೋಡಿಲ್ಲ.”

“ದಿನಾ ನೋಡಿ ಅಂತ ತಾನೇ ಕಾಗದ ಕೊಟ್ಟಿದ್ದು? ದಿನ ಗೊತ್ತಿದ್ರೆ ನಮಗೆ ಎಷ್ಟೋ ಅನುಕೂಲ. ಬೇಗ ಬಂದಷ್ಟೂ ಕಣ್ಣು ಉಳಿಯುತ್ತೆ.”

“ಸೋಮಾರಿತನ ಡಾಕ್ಟ್ರೇ. ನಂದೇ ತಪ್ಪು. ಎಲ್ಲೋ ಇಟ್ಟು ಮರೆತೆ” ಎಂದಳು ಅಕ್ಕ, ಮುಖದಲ್ಲಿ ಒಂದು ಎಳೆಯೂ ಅಲುಗದ ಹಾಗೆ. ಡಾಕ್ಟರು ಅದನ್ನೇ ಬರೆದುಕೊಳ್ಳಲು ಪೆನ್ನು ತೆಗೆದರು.

“ಕಾಗದ ನನ್ನ ಹತ್ರ ಇತ್ತು” ಎಂದೆ. “ಅವಳಿಗೆ ನಾನು ಹೇಳಿರಲಿಲ್ಲ. ಎಪ್ಪತ್ನಾಲ್ಕು ದಿನ. ಹಾಗಂತ ಬರ್ಕೊಳ್ಳಿ.”

ಡಾಕ್ಟರು ಪೆನ್ನು ಹಿಡಿದು ನನ್ನನ್ನು ನೋಡಿದರು. ಬರೆದುಕೊಂಡರು.

ಕಣ್ಣಿಗೆ ಇಂಜೆಕ್ಷನ್ ಕೊಡುತ್ತಾರೆ, ತಿಂಗಳಿಗೊಂದು, ಸದ್ಯಕ್ಕೆ ಮೂರು. ಮೊದಲನೆಯದು ಇವತ್ತೇ ಆಯಿತು. “ಈಗ ಇರೋದು ಇಲ್ಲಿಗೆ ನಿಲ್ಲಬಹುದು. ಹೋಗಿರೋದು ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ” ಎಂದರು. ಹತ್ತರಲ್ಲಿ ಎಷ್ಟು ಜನಕ್ಕೆ ನಿಲ್ಲುತ್ತದೆ ಎಂದು ಕೇಳಿದೆ. ಒಂಬತ್ತು ಎಂದರು.

ಆಟೋದಲ್ಲಿ ಅಕ್ಕ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಳು. ತಿರುವೊಂದು ದಾಟಿದ ಮೇಲೆ, “ಎಷ್ಟು ಚೆನ್ನಾಗಿ ರಫು ಮಾಡಿದ್ದೆ ನಾನು. ಬಿಚ್ಚಿ ಹಾಕಿದ್ಯಲ್ಲೇ” ಎಂದಳು.

ಏಪ್ರಿಲ್ ೮, ಬುಧವಾರ

ಅಕ್ಕ ನನ್ನ ಹತ್ತಿರ ಮಾತಾಡಲಿಲ್ಲ. ಎರಡು ದಿನ ತಡವಾಗಿ ಸಿಟ್ಟು ಬಂದಿದೆ. ಊಟಕ್ಕೆ ತಟ್ಟೆ ಹಾಕಿದಳು, ಒಂದು ತಟ್ಟೆ.

ಏಪ್ರಿಲ್ ೧೧, ಶನಿವಾರ

ಎರಡು ತಟ್ಟೆ.

ಏಪ್ರಿಲ್ ೨೦, ಸೋಮವಾರ

ಬಾಗಿಲ ಮೇಲಿನ ಬೋರ್ಡು ಇಳಿಸಿದೆವು. ಅಕ್ಕ ಹೇಳಿದಳು, ನಾನು ಬರೆದೆ. ‘ನುರಿತ’ ಎಂದು ಸೇರಿಸಲೇ ಎಂದು ಕೇಳಿದ್ದಕ್ಕೆ, “ಮೂವತ್ತೊಂದು ವರ್ಷ ಅಂತ ಹಾಕು. ನುರಿತಿದ್ದೀನೋ ಇಲ್ವೋ ಅವರು ಲೆಕ್ಕ ಹಾಕ್ಕೊಳ್ಳಲಿ” ಎಂದಳು.

‘ರಫು. ಮೂವತ್ತೊಂದು ವರ್ಷದ ಕೆಲಸ. ಬೆಳಿಗ್ಗೆ ಒಂಬತ್ತರಿಂದ ಒಂದು. ದೀಪದ ಬಣ್ಣದ ಅಂಕ ೯೭. ಬಲಗಣ್ಣು ಮಂದ, ಎಡಗಣ್ಣು ಸರಿಯಿದೆ. ಕಪ್ಪು ಬಟ್ಟೆಯನ್ನು ತಂಗಿಯೂ ಒಮ್ಮೆ ನೋಡುತ್ತಾಳೆ.’

ಕೊನೆಯ ವಾಕ್ಯವೂ ಅಕ್ಕ ಹೇಳಿದ್ದೇ. ಹಾಕು ಎಂದು ನಾನು ಕೇಳಿರಲಿಲ್ಲ.

ವಕೀಲರು ಒಂದು ಸ್ವೆಟರು ತಂದಿದ್ದರು. ಹೊರಗೆ ನಿಂತು ಪೂರ್ತಿ ಓದಿ, “ಇದೇನಮ್ಮಾ, ಬೋರ್ಡೋ ಅಫಿಡವಿಟ್ಟೋ?” ಎಂದರು. ಸ್ವೆಟರು ಕೊಟ್ಟು ಹೋದರು. ಕಂದು ಬಣ್ಣ, ಕತ್ತಿನ ಹತ್ತಿರ ತೂತು, ಒಂದೂವರೆ ಸೆಂಟಿಮೀಟರು.

ಗೋಡೆಯ ಕಾಗದ, ಬೆಳಿಗ್ಗೆ ಎಂಟು ಗಂಟೆ. ಎಡಗಣ್ಣು: ಎಲ್ಲಾ ಗೆರೆ ನೇರ. ಬಲಗಣ್ಣು: ಚುಕ್ಕೆಯಿಂದ ಎಡಕ್ಕೆ ಎರಡನೆಯದು ಬಾಗಿದೆ, ನಿನ್ನೆ ಇದ್ದಷ್ಟೇ. ಮೂರನೆಯದು ನೇರ.